ಧರ್ಮಸ್ಥಳಕ್ಕೆ ನಡೆದು ಹೋಗೋಕೆ ಎಷ್ಟು ದುಡ್ಡು ಬೇಕು?

ಸರ್ಕಾರಿ ಬಸ್ಸಿನಲ್ಲಿ ಹೋದರೆ ಹೆಂಗಸರಿಗೆ ಧರ್ಮಸ್ಥಳ ಪುಕ್ಕಟೆ. ನಡೆದು ಹೋದರೆ ಹತ್ತು ಸಾವಿರ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. "ಅಯ್ಯೋ ಅಕ್ಕಾ, ನಡ್ಕೊಂಡು ಹೋಗೋಕೆ ಏನು ಖರ್ಚು? ದಾರಿ ಉದ್ದಕ್ಕೂ ಊಟ ಹಾಕ್ತಾರಂತಲ್ಲ" ಅನ್ನುತ್ತಾರೆ.

ಊಟ ಹಾಕುತ್ತಾರೆ, ನಿಜ. ಮಜ್ಜಿಗೆ ಕೊಡುತ್ತಾರೆ, ಕಲ್ಲಂಗಡಿ ಕೊಡುತ್ತಾರೆ, ಕಾಲಿಗೆ ಎಣ್ಣೆ ಹಚ್ಚುವವರೂ ಇದ್ದಾರೆ. ಆದರೆ ಪಾದಯಾತ್ರೆಯಲ್ಲಿ ದುಡ್ಡು ಹೋಗುವುದು ಊಟಕ್ಕಲ್ಲ. ಲಗೇಜ್ ಗಾಡಿಗೆ ಹೋಗುತ್ತದೆ, ಕಾಲಿಗೆ ಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಹೋಗುವುದು ಕೆಲಸ ಬಿಟ್ಟ ದಿನಗಳ ಸಂಪಾದನೆ. ಅದನ್ನು ಮಾತ್ರ ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ.

ನಾನು ಬೆಂಗಳೂರಿನ ಲಗ್ಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಶಿವರಾತ್ರಿಗೆ ನಡೆಯುವ ನಮ್ಮ ತಂಡದ ಲೆಕ್ಕದ ಪುಸ್ತಕ ಕೆಲವು ವರ್ಷಗಳಿಂದ ನನ್ನ ಕೈಯಲ್ಲಿದೆ. ಮುಂದೆ ಬರೆದಿರುವ ಮೊತ್ತಗಳೆಲ್ಲ ನಮ್ಮ ಕಡೆಯ ಅಂದಾಜು. ನಿಮ್ಮ ಏರಿಯಾದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಲೆಕ್ಕ ಹಾಕುವ ರೀತಿ ಮಾತ್ರ ಅದೇ.

ಮೊದಲು ದಾರಿ, ಆಮೇಲೆ ದುಡ್ಡು

ನಾವು ಹೋಗುವುದು ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನ. ಅಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ. ಒಟ್ಟು 300 ಕಿ.ಮೀ. ಮೇಲೆಯೇ ಆಗುತ್ತದೆ. ದಿನಕ್ಕೆ 35 ಕಿ.ಮೀ. ಅಂದರೆ 9 ದಿನ ನಡಿಗೆ. ಅಲ್ಲಿ ಒಂದು ದಿನ, ವಾಪಸ್ ಬರಲು ಒಂದು ದಿನ. ಒಟ್ಟು 11 ದಿನ ಮನೆ ಬಿಟ್ಟಿರಬೇಕು.

ಈ 11 ಅನ್ನುವುದೇ ಎಲ್ಲ ಲೆಕ್ಕಕ್ಕೂ ಬುಡ. ಗಾಡಿ ಬಾಡಿಗೆ, ಅಡುಗೆಯವರ ಕೂಲಿ, ನಿಮ್ಮ ರಜೆ, ಎಲ್ಲವೂ ಇದರ ಮೇಲೆ ನಿಂತಿದೆ. "ನಾವು ದಿನಕ್ಕೆ 50 ಕಿ.ಮೀ. ನಡೆದು ಆರೇ ದಿನಕ್ಕೆ ಮುಗಿಸುತ್ತೇವೆ, ಖರ್ಚು ಉಳಿಯುತ್ತದೆ" ಎಂದು ಹೊರಡುವ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಅರ್ಧ ಜನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಅಲ್ಲಿಂದ ಬಸ್ ಹತ್ತಿದರೆ ಅದುವರೆಗೆ ಹಾಕಿದ ದುಡ್ಡೂ ಹೋಯಿತು, ಹರಕೆಯೂ ಉಳಿಯಿತು. ಮಾತು ಬಿಡ ಮಂಜುನಾಥ ಅನ್ನುತ್ತಾರಲ್ಲ, ಮುಂದಿನ ವರ್ಷ ಮತ್ತೆ ಮೊದಲಿನಿಂದ ನಡೆಯಬೇಕು.

ಶಿವರಾತ್ರಿ ಯಾವಾಗ ಬರುತ್ತದೆ ಅನ್ನುವುದೂ ಖರ್ಚನ್ನು ಬದಲಿಸುತ್ತದೆ. 2026ರಲ್ಲಿ ಫೆಬ್ರವರಿ 15ಕ್ಕೇ ಬಂತು. ಅಷ್ಟು ಬೇಗ ಬಂದರೆ ಹಾಸನ, ಬೇಲೂರಿನ ಕಡೆ ಬೆಳಗಿನ ಜಾವ ನಡುಗುವಷ್ಟು ಚಳಿ, ಒಳ್ಳೆಯ ಕಂಬಳಿ ಬೇಕು. 2027ಕ್ಕೆ ಮಾರ್ಚ್ 6. ಆಗ ಬಿಸಿಲಿನ ಖರ್ಚು. ನೀರು, ಓಆರ್‌ಎಸ್, ಟೋಪಿ. ಘಾಟಿ ಇಳಿದ ಮೇಲಂತೂ ಮೈಯೆಲ್ಲ ಬೆವರು.

ತಂಡದ ಲೆಕ್ಕ

20 ಜನ ಹೊರಟಿದ್ದೇವೆ ಅಂತ ಇಟ್ಟುಕೊಳ್ಳಿ. ನನ್ನ ಪುಸ್ತಕದ ಪುಟ ಸುಮಾರು ಹೀಗಿರುತ್ತದೆ:

ಟಾಟಾ ಏಸ್, ಡ್ರೈವರ್ ಸೇರಿ ದಿನಕ್ಕೆ 2,800, 11 ದಿನಕ್ಕೆ – 30,800
ಡೀಸೆಲ್ – 4,700
ಅಡುಗೆ ಭಟ್ಟರು ಮತ್ತು ಒಬ್ಬ ಸಹಾಯಕ, ದಿನಕ್ಕೆ 2,000, 10 ದಿನಕ್ಕೆ – 20,000
ದಿನಸಿ, ತರಕಾರಿ, ಹಾಲು – 17,000
ಗ್ಯಾಸ್, ಪಾತ್ರೆ ಬಾಡಿಗೆ, ಟಾರ್ಪಾಲ್ – 6,600
ರಾತ್ರಿ ತಂಗುವ ಜಾಗ – 8,000

ಒಟ್ಟು 87,100. ತಲೆಗೆ 4,355. ನಾನು 4,500 ಅಂತ ಹೇಳುತ್ತೇನೆ. ಮೇಲಿನ 145 ರೂಪಾಯಿ 20 ಜನದಿಂದ ಸೇರಿದರೆ 2,900 ಆಗುತ್ತದೆ. ಗಾಡಿ ಪಂಕ್ಚರ್ ಆದರೆ, ಯಾರನ್ನಾದರೂ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಅದರಿಂದ ತೆಗೆಯುತ್ತೇವೆ.

ಈ ಪುಟದಲ್ಲಿ ಮೊದಲ ಮೂರು ಸಾಲನ್ನು ಮತ್ತೊಮ್ಮೆ ನೋಡಿ. ಗಾಡಿ, ಡೀಸೆಲ್ ಮತ್ತು ಅಡುಗೆಯವರ ಕೂಲಿ. ಹತ್ತೇ ಜನ ಹೋದರೂ ಗಾಡಿ ಒಂದು ಬೇಕು, ಭಟ್ಟರು ಬೇಕು. ಆ 55,500 ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ 2,775. ಹತ್ತು ಜನಕ್ಕೆ ಹಂಚಿದರೆ 5,550. ಅದಕ್ಕೇ ಜನ ಎಷ್ಟು ಅನ್ನುವುದು ಖಚಿತವಾಗದೆ ಯಾರಿಗೂ ದರ ಹೇಳಬೇಡಿ. ಬರುತ್ತೇನೆ ಅಂತ ಹೇಳಿ ಕೊನೆಗೆ ಕೈಕೊಡುವವರು ಇದ್ದೇ ಇರುತ್ತಾರೆ. ನಾನು ಸಂಕ್ರಾಂತಿ ಒಳಗೆ ಅರ್ಧ ದುಡ್ಡು ಇಸಿದುಕೊಳ್ಳುತ್ತೇನೆ. ದುಡ್ಡು ಕೊಟ್ಟವರು ಮಾತ್ರ ಲೆಕ್ಕಕ್ಕೆ. ಬಾಯಲ್ಲಿ ಬರುತ್ತೇನೆ ಅಂದವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿರುತ್ತೇನೆ.

25 ದಾಟಿದರೂ ಕಷ್ಟ. ಅಷ್ಟು ಜನರ ಹಾಸಿಗೆ, ಬ್ಯಾಗು, ಪಾತ್ರೆ, ಗ್ಯಾಸ್ ಒಂದು ಏಸ್‌ನಲ್ಲಿ ಹಿಡಿಯುವುದಿಲ್ಲ. ಎರಡನೇ ಗಾಡಿ ಅಂದರೆ ಮತ್ತೆ ಮೂವತ್ತು ಸಾವಿರ. 26ನೇ ಮನುಷ್ಯ ಎಷ್ಟೇ ಹತ್ತಿರದ ನೆಂಟನಾದರೂ ಬೇರೆ ತಂಡ ತೋರಿಸಿ.

ಕಡಿಮೆ ಮಾಡುವ ದಾರಿಗಳೂ ಇವೆ. ಭಟ್ಟರನ್ನು ಬಿಟ್ಟು ನಾವೇ ಅಡುಗೆ ಮಾಡಿಕೊಂಡರೆ ತಲೆಗೆ 1,000 ಉಳಿಯುತ್ತದೆ. ಗಂಡಸರು ಈ ಐಡಿಯಾ ಕೊಡುವುದರಲ್ಲಿ ಮುಂದು. ಆದರೆ 35 ಕಿ.ಮೀ. ನಡೆದು ಬಂದ ಮೇಲೆ ಈರುಳ್ಳಿ ಹೆಚ್ಚುವವರು ಯಾರು ಅಂತ ಮೊದಲೇ ಹೆಸರು ಬರೆಸಿಕೊಳ್ಳಿ. ಬರೆಸದಿದ್ದರೆ ಅದು ಹೆಂಗಸರ ತಲೆಗೇ ಬರುತ್ತದೆ. ನಮ್ಮ ತಂಡದಲ್ಲಿ ಆ 1,000 ಕೊಟ್ಟೇ ಹೋಗೋಣ ಅಂತ ನಾನೇ ಹಠ ಹಿಡಿದೆ.

ದಿನಸಿಗೆ ಸೇವಾರ್ಥ ಕೇಳುವುದು ಒಳ್ಳೆಯದು. ನಡೆಯಲಾಗದವರು, ವಯಸ್ಸಾದವರು, ಮನೆಯಲ್ಲಿ ಬಾಣಂತಿ ಇರುವವರು ಏನಾದರೂ ಕೊಡಬೇಕು ಅಂತ ಕಾಯುತ್ತಿರುತ್ತಾರೆ. "ಒಂದು ಹೊತ್ತಿನ ಊಟ ನಿಮ್ಮದು" ಅಂತ ಹೇಳಿದರೆ ಖುಷಿಯಿಂದ ಒಪ್ಪುತ್ತಾರೆ. ದುಡ್ಡಿಗಿಂತ ಸಾಮಾನನ್ನೇ ಕೇಳಿ. ಒಬ್ಬರು 25 ಕೆಜಿ ಅಕ್ಕಿ, ಇನ್ನೊಬ್ಬರು ಬೆಲ್ಲ, ಇನ್ನೊಬ್ಬರು ಊಟದೆಲೆ. ಸಾಮಾನು ಕೊಟ್ಟವರಿಗೆ ಅದು ಎಲ್ಲಿ ಹೋಯಿತು ಅನ್ನುವ ಅನುಮಾನ ಬರುವುದಿಲ್ಲ, ನಿಮಗೂ ಲೆಕ್ಕ ಒಪ್ಪಿಸುವ ತಲೆನೋವು ಕಡಿಮೆ.

ಯಾರೋ ನಡೆಸುವ ತಂಡಕ್ಕೆ ನೀವು ದುಡ್ಡು ಕಟ್ಟುತ್ತಿದ್ದರೆ ಮೂರು ವಿಷಯ ಕೇಳದೆ ಕಟ್ಟಬೇಡಿ. ವಾಪಸ್ ಬರುವ ಬಸ್ ಇದರಲ್ಲಿ ಸೇರಿದೆಯಾ? ಮಧ್ಯದಲ್ಲಿ ಬಿಟ್ಟು ಬಂದರೆ ಎಷ್ಟು ವಾಪಸ್ ಕೊಡುತ್ತೀರಿ? ಮಿಕ್ಕಿದ ದುಡ್ಡಿನ ಲೆಕ್ಕ ಎಲ್ಲರೆದುರು ಓದುತ್ತೀರಾ? ಮೂರನೆಯದಕ್ಕೆ "ದೇವರ ಕೆಲಸದಲ್ಲಿ ಲೆಕ್ಕ ಕೇಳ್ತೀರಾ" ಅಂದರೆ ಕೈಮುಗಿದು ಎದ್ದು ಬನ್ನಿ. ದೇವರ ಕೆಲಸದಲ್ಲೇ ಲೆಕ್ಕ ಸರಿಯಾಗಿರಬೇಕು.

ಒಬ್ಬರೇ ಹೋದರೆ?

ಉಳಿತಾಯ ಆಗುತ್ತದೆ ಅಂತ ಅನ್ನಿಸುತ್ತದೆ. ಅಷ್ಟೇನೂ ಆಗುವುದಿಲ್ಲ. ಹೆದ್ದಾರಿ ಹೋಟೆಲಿನಲ್ಲಿ ತಿಂಡಿ, ಊಟ, ಎರಡು ಟೀ, ಒಂದು ಎಳನೀರು ಅಂದರೆ ದಿನಕ್ಕೆ 300 ಬೇಕು. 9 ದಿನಕ್ಕೆ 2,700. ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದರ ಮೇಲೆ ಇನ್ನೊಂದು ಸಾವಿರ. ಶಿವರಾತ್ರಿಯ ಹಿಂದುಮುಂದಿನ ದಿನಗಳಾದರೆ ದಾರಿಯಲ್ಲಿ ಸೇವೆ ಮಾಡುವವರು ಸಿಗುತ್ತಾರೆ, ಊಟದ ಖರ್ಚು ಅರ್ಧಕ್ಕೆ ಇಳಿಯಬಹುದು. ಆದರೆ ಬ್ಯಾಗು ನಿಮ್ಮ ಬೆನ್ನ ಮೇಲೆ. ಆ ತೂಕಕ್ಕೆ ದಿನಕ್ಕೆ 35 ಕಿ.ಮೀ. ಸಾಗುವುದಿಲ್ಲ, ಒಂದೆರಡು ದಿನ ಜಾಸ್ತಿ ಹಿಡಿಯುತ್ತದೆ. ಅಲ್ಲಿಗೆ ಉಳಿಸಿದ್ದು ಹೋಯಿತು. ಹೆಂಗಸರು ಒಬ್ಬರೇ ಹೋಗುವುದಾದರೆ ಮಲಗುವ ಜಾಗಕ್ಕೆ ಕಂಜೂಸ್ ಮಾಡಬಾರದು, ಲಾಡ್ಜಿನ ದುಡ್ಡನ್ನು ಪೂರ್ತಿ ಎತ್ತಿಡಿ.

ಎಲ್ಲಿ ಪುಕ್ಕಟೆ, ಎಲ್ಲಿ ಅಲ್ಲ

ಬೆಂಗಳೂರು ಬಿಟ್ಟ ಮೊದಲ ಎರಡು ದಿನ ಯಾರೂ ಏನೂ ಕೊಡುವುದಿಲ್ಲ. ನೆಲಮಂಗಲದಿಂದ ಕುಣಿಗಲ್‌ವರೆಗೆ ಹೆದ್ದಾರಿ, ಲಾರಿ, ಧೂಳು. ಹೋಟೆಲುಗಳೆಲ್ಲ ಕಾರಿನಲ್ಲಿ ಹೋಗುವವರಿಗಾಗಿ ಇರುವಂಥವು, ದರವೂ ಹಾಗೇ. ಆ ಎರಡು ದಿನಕ್ಕೆ ನಾವು ಮನೆಯಿಂದಲೇ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗುತ್ತೇವೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ದಾಸೋಹ ಇದೆ. ಅಲ್ಲಿ ಊಟ ಮಾಡಿ ಹುಂಡಿಗೆ ಕೈಲಾದಷ್ಟು ಹಾಕುತ್ತೇವೆ. ಉಂಡ ಕಡೆ ಏನಾದರೂ ಹಾಕುವುದನ್ನೂ ಖರ್ಚಿನಲ್ಲಿ ಬರೆದುಕೊಳ್ಳಿ.

ಬೇಲೂರು ದಾಟಿದ ಮೇಲೆ ಚಿತ್ರವೇ ಬೇರೆ. ಶಿವರಾತ್ರಿ ಹತ್ತಿರವಾದಷ್ಟೂ ರಸ್ತೆ ಪಕ್ಕ ಶಾಮಿಯಾನ, ಪಾನಕ, ಉಪ್ಪಿಟ್ಟು, ಮಾತ್ರೆ. ಮೂಡಿಗೆರೆ ಕಡೆ ಬೇಡ ಬೇಡ ಅಂದರೂ ಕೈಗೆ ಲೋಟ ಇಡುತ್ತಾರೆ. ಈ ಭಾಗಕ್ಕೆ ನಾನು ದಿನಸಿಯನ್ನು ಅರ್ಧಕ್ಕೇ ಲೆಕ್ಕ ಹಾಕುತ್ತೇನೆ. ಒಂದು ಮಾತ್ರ ಹೇಳಬೇಕು, ಕೊಟ್ಟದ್ದನ್ನೆಲ್ಲ ತಿನ್ನಬೇಡಿ. ಬಿಸಿಲಲ್ಲಿ ಕೂತ ಮೊಸರನ್ನ ತಿಂದು ಹೊಟ್ಟೆ ಕೆಟ್ಟರೆ ಪುಕ್ಕಟೆ ಊಟಕ್ಕೆ ಡಾಕ್ಟರ್ ಫೀಸು 500.

ಕೊಟ್ಟಿಗೆಹಾರದ ನೀರುದೋಸೆಗೆ ಬೇರೆ ದುಡ್ಡು ಇಟ್ಟುಕೊಳ್ಳಿ. ಇದು ತಮಾಷೆಯಲ್ಲ. ಅಷ್ಟು ದೂರ ನಡೆದು ಅಲ್ಲಿ ದೋಸೆ ತಿನ್ನದೆ ಘಾಟಿ ಇಳಿಯುವವರು ನನಗೆ ಗೊತ್ತಿಲ್ಲ.

ನೀರಿಗೆ ಬಾಟಲಿ ಕೊಳ್ಳುತ್ತಾ ಹೋದರೆ ದಿನಕ್ಕೆ ನೂರು ರೂಪಾಯಿ ಗೊತ್ತಾಗದಂತೆ ಹೋಗುತ್ತದೆ. ಊರೂರಿನಲ್ಲೂ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಗಾಡಿಯಲ್ಲಿ ನಾಲ್ಕು ಖಾಲಿ ಕ್ಯಾನ್, ಡ್ರೈವರ್ ಹತ್ತಿರ ಐದು ರೂಪಾಯಿಯ ಚಿಲ್ಲರೆ ಒಂದು ಚೀಲ. ಸಂಜೆ ನಾವು ತಲುಪುವಷ್ಟರಲ್ಲಿ ನೀರು ತುಂಬಿರುತ್ತದೆ.

ಶೌಚಾಲಯದ ಖರ್ಚನ್ನು ಗಂಡಸರು ಬರೆಯುವ ಲೆಕ್ಕದಲ್ಲಿ ನಾನು ಎಂದೂ ನೋಡಿಲ್ಲ. ನಮಗೆ ಅದು ದಿನದ ಖರ್ಚು. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು ಪುಕ್ಕಟೆ ಕೊಡಲೇಬೇಕು, ಅದಕ್ಕೆ ಹೆದ್ದಾರಿಯಲ್ಲಿ ಬಂಕ್ ಎಲ್ಲೆಲ್ಲಿದೆ ಅಂತ ಗುರುತು ಹಾಕಿಕೊಂಡಿರುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ 5 ಅಥವಾ 10 ರೂಪಾಯಿ. ಸ್ನಾನಕ್ಕೆ ಬಿಸಿನೀರು ಬೇಕು ಅಂದರೆ ಛತ್ರದವರು ತಲೆಗೆ 30ರಿಂದ 50 ಕೇಳುತ್ತಾರೆ. ಪ್ಯಾಡು ಮನೆಯಿಂದಲೇ ತೆಗೆದುಕೊಂಡು ಹೋಗಿ. ಹೆಂಗಸೊಬ್ಬಳಿಗೆ ಇದೆಲ್ಲ ಸೇರಿ 400 ಪಕ್ಕಾ.

ರಾತ್ರಿ ತಂಗಲು ಶಾಲೆ, ಸಮುದಾಯ ಭವನ, ದೇವಸ್ಥಾನದ ಜಗಲಿ. ಬಹಳ ಕಡೆ ಬಾಡಿಗೆ ಕೇಳುವುದಿಲ್ಲ. ಕರೆಂಟು, ನೀರು, ಗುಡಿಸುವವರಿಗೆ ಅಂತ ನಾವೇ 500 ಕೊಡುತ್ತೇವೆ. ಹಾಸನದಂಥ ಊರಿನಲ್ಲಿ ಛತ್ರ ಹಿಡಿದರೆ 2,000 ದಾಟುತ್ತದೆ. ಸರಾಸರಿ ಸಾವಿರ, ಎಂಟು ರಾತ್ರಿ. ಒಂದು ತಿಂಗಳು ಮುಂಚೆ ಇಬ್ಬರು ಬೈಕಿನಲ್ಲಿ ಹೋಗಿ ಎಲ್ಲ ಕಡೆ ಮಾತಾಡಿಕೊಂಡು ಬರಬೇಕು. ಪೆಟ್ರೋಲಿಗೆ ಸಾವಿರ ಹೋದರೂ ಪರವಾಗಿಲ್ಲ, ರಾತ್ರಿ ಎಂಟು ಗಂಟೆಗೆ 20 ಜನರನ್ನು ಕಟ್ಟಿಕೊಂಡು ಜಾಗ ಹುಡುಕುವ ಪಾಡು ತಪ್ಪುತ್ತದೆ.

ಕಾಲಿನ ಬಾಬ್ತು

ಇಲ್ಲಿ ಮಾತ್ರ ಚೌಕಾಸಿ ಬೇಡ.

ಶೂ ಯಾತ್ರೆಗೆ ಎರಡು ತಿಂಗಳು ಮುಂಚೆ ಕೊಳ್ಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಿನವಿಡೀ ನಡೆದರೆ ಇನ್ನೂ ಊದುತ್ತದೆ, ಅದಕ್ಕೆ ಒಂದು ಸೈಜ್ ದೊಡ್ಡದು ತಗೊಳ್ಳಿ. 1,800 ರೂಪಾಯಿಯ ಆಸುಪಾಸಿನಲ್ಲಿ ಸಾಕಷ್ಟು ಗಟ್ಟಿ ಶೂ ಸಿಗುತ್ತದೆ. ಬಿಳಿ ಬಣ್ಣದ ಐದು ಸಾವಿರದ ಶೂ ಹಾಕಿಕೊಂಡು ಬಂದ ಹುಡುಗನ ಕಾಲೂ, 900ರ ಶೂ ಹಾಕಿಕೊಂಡವನ ಕಾಲೂ ಹಿರೀಸಾವೆಯಲ್ಲಿ ಒಂದೇ ಥರ ಬೊಬ್ಬೆ ಎದ್ದಿದ್ದವು. ಇಬ್ಬರದೂ ಹೊಸ ಶೂ. ಕೊಂಡ ಮೇಲೆ ಕಡಿಮೆ ಅಂದರೂ 100 ಕಿ.ಮೀ. ಅದರಲ್ಲೇ ನಡೆದಿರಬೇಕು.

ಜೊತೆಗೆ ಒಂದು ಜೊತೆ ಹಳೆಯ ಸ್ಯಾಂಡಲ್ ಗಾಡಿಯಲ್ಲಿರಲಿ. ಶೂ ಕಚ್ಚಿದ ದಿನ ಬದಲಿಸಬಹುದು. ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕಿದ್ದನ್ನು ಅವರು ಹೇಳಿದ ರೇಟಿಗೆ ಕೊಳ್ಳಬೇಕು. ಸಾಕ್ಸ್ ನಾಲ್ಕು ಜೊತೆ, 400. ಬರೀ ಕಾಟನ್ ಬೇಡ, ಬೆವರು ಹಿಡಿದಿಟ್ಟುಕೊಂಡು ಚರ್ಮ ಸುಲಿಯುತ್ತದೆ.

ಔಷಧಿ ಡಬ್ಬಕ್ಕೆ 500. ಅದರಲ್ಲಿ ಏನಿರಬೇಕು ಅಂದರೆ ಮೈಕ್ರೋಪೋರ್ ಟೇಪ್, ಗಾಜ್, ಪೊವಿಡೋನ್ ಆಯಿಂಟ್‌ಮೆಂಟ್, ಹೊಸ ಇಂಜೆಕ್ಷನ್ ಸೂಜಿ, ವ್ಯಾಸಲಿನ್, ಓಆರ್‌ಎಸ್ ಪುಡಿ. ಬೆಳಗ್ಗೆ ಹೊರಡುವ ಮುಂಚೆಯೇ ಹಿಮ್ಮಡಿಗೂ ಕಿರುಬೆರಳಿಗೂ ಟೇಪ್ ಸುತ್ತಿಬಿಡಿ, ಬೊಬ್ಬೆ ಬರುವವರೆಗೆ ಕಾಯಬೇಡಿ. ಸುಕ್ಕು ಬರಬಾರದು, ಸುಕ್ಕೇ ಇನ್ನೊಂದು ಬೊಬ್ಬೆ ಎಬ್ಬಿಸುತ್ತದೆ. ಬ್ಲೌಸಿಗೆ ಲೈನಿಂಗ್ ಕೂರಿಸುವಾಗ ಬೆರಳಲ್ಲಿ ಸವರುತ್ತಾ ಹೋಗುತ್ತೇವಲ್ಲ, ಹಾಗೆ ಸವರಿ ಅಂಟಿಸಬೇಕು. ಬೊಬ್ಬೆ ಎದ್ದೇಬಿಟ್ಟರೆ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಆಯಿಂಟ್‌ಮೆಂಟ್, ಗಾಜ್, ಟೇಪ್. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬೇಡ. ಒಂದಕ್ಕೆ ಐದಾರು ರೂಪಾಯಿ ಅಷ್ಟೇ, ಇಪ್ಪತ್ತು ತಗೊಂಡು ಹೋಗಿ. ಸಕ್ಕರೆ ಕಾಯಿಲೆ ಇರುವವರು ತಾವೇ ಚುಚ್ಚಿಕೊಳ್ಳಲೇಬಾರದು, ಡಾಕ್ಟರ ಹತ್ತಿರವೇ ಹೋಗಬೇಕು. ಅವರ ಲೆಕ್ಕದಲ್ಲಿ ಇನ್ನೊಂದು ಸಾವಿರ ಜಾಸ್ತಿ ಇಡಿ.

ಓಆರ್‌ಎಸ್ ಅಂದರೆ ಒಂದು ಲೀಟರ್ ನೀರಿಗೆ ಬೆರೆಸುವ ಪುಡಿ. ಪ್ಯಾಕೆಟ್ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಇರುತ್ತದೆ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸು ಅದಕ್ಕೆ ಸಮ ಅಲ್ಲ, ಬೆಲೆಯೂ ಜಾಸ್ತಿ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ನೀರು ಕುಡಿಯದೆ, ದಿನವೂ ನುಂಗುತ್ತಾ ನಡೆಯುವವರಿದ್ದಾರೆ. ಅದು ಕಿಡ್ನಿಗೆ ಹೊಡೆತ. ಆ ಖರ್ಚು ಯಾವ ಬಜೆಟ್ಟಿಗೂ ಸಿಗುವುದಿಲ್ಲ.

ಬೆಳಗಿನ ಜಾವ ಮೂರಕ್ಕೆ ಹೊರಡುತ್ತೇವೆ, ಬಿಸಿಲೇರುವಷ್ಟರಲ್ಲಿ ಅರ್ಧ ದಾರಿ ಮುಗಿಯಬೇಕು. ಅದಕ್ಕೆ ಟಾರ್ಚು, ಹೊಳೆಯುವ ಪಟ್ಟಿಯ ಜಾಕೆಟ್ಟು ಸೇರಿ 400. ಜಾಕೆಟ್ ಬೇಡ ಅನ್ನುವವರಿಗೆ ನಮ್ಮ ತಂಡದಲ್ಲಿ ಜಾಗ ಇಲ್ಲ. ಎದುರು ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಕ್ಕೇ ನಡೆಯಬೇಕು. ಚಾಪೆ, ಹೊದಿಕೆಗೆ 500. ಮನೆಯಲ್ಲಿದ್ದರೆ ಅದೂ ಬೇಡ.

ಶೂ 1,800, ಸಾಕ್ಸ್ 400, ಔಷಧಿ 500, ಟಾರ್ಚು ಜಾಕೆಟ್ಟು 400, ಚಾಪೆ 500. ಒಟ್ಟು 3,600. ಇದು ಮೊದಲ ಸಲದವರಿಗೆ. ಎರಡನೇ ವರ್ಷಕ್ಕೆ ಅರ್ಧವೂ ಆಗುವುದಿಲ್ಲ.

ಕೈಖರ್ಚು ಮತ್ತು ದೇವರ ದುಡ್ಡು

ತಂಡಕ್ಕೆ 4,500, ಸಾಮಾನಿಗೆ 3,600, ಕೈಯಲ್ಲಿ 2,000. ಎಲ್ಲ ಸೇರಿ 10,100. ಕೈಯಲ್ಲಿರುವ 2,000ದಲ್ಲಿ ಅರ್ಧವನ್ನು ಹತ್ತು, ಇಪ್ಪತ್ತು, ಐವತ್ತರ ನೋಟಾಗಿ ಮಾಡಿಸಿಕೊಳ್ಳಿ. ಎಲ್ಲ ಕಡೆ ಫೋನ್‌ಪೇ ಇದೆ ಅನ್ನುವವರು ಚಾರ್ಮಾಡಿ ಘಾಟಿಗೆ ಬಂದು ನೋಡಬೇಕು. ನೆಟ್‌ವರ್ಕ್ ಒಂದು ತಿರುವಿನಲ್ಲಿ ಇದ್ದರೆ ಮುಂದಿನ ತಿರುವಿನಲ್ಲಿಲ್ಲ. ಸೌತೆಕಾಯಿ ಮಾರುವ ಅಜ್ಜಿಗೆ 500ರ ನೋಟು ತೋರಿಸಿದರೆ ಅವರು ಚಿಲ್ಲರೆಗೆ ಎಲ್ಲಿ ಹೋಗಬೇಕು? ಒಂದು 500ರ ನೋಟನ್ನು ಮಾತ್ರ ಆಧಾರ್ ಕಾರ್ಡಿನ ಕವರಿನೊಳಗೆ ಮಡಚಿಡಿ. ಅದು ಎಲ್ಲಿಂದಲಾದರೂ ಮನೆಗೆ ಮುಟ್ಟುವ ದುಡ್ಡು, ಅದನ್ನು ಮುಟ್ಟಬಾರದು.

ಹರಕೆಯ ದುಡ್ಡು ಈ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ಮನೆಗಳಲ್ಲಿ ಮುಡಿಪು ಕಟ್ಟುವ ಪದ್ಧತಿ ಇದೆಯಲ್ಲ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟದ್ದು ಹಾಗೇ ಧರ್ಮಸ್ಥಳಕ್ಕೆ ಹೋಗಬೇಕು. ದಾರಿಯಲ್ಲಿ ಕಮ್ಮಿ ಬಿತ್ತು ಅಂತ ಅದನ್ನು ಬಿಚ್ಚುವ ಪರಿಸ್ಥಿತಿ ಬಂದರೆ ನಿಮ್ಮ ಬಜೆಟ್ ತಪ್ಪಿದೆ ಅಂತ ಅರ್ಥ. ತುಲಾಭಾರದಂಥ ದೊಡ್ಡ ಹರಕೆ ಇದ್ದರೆ ಅದಕ್ಕೆ ಬೇರೆ ವರ್ಷ ಇಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಅಂತ ನಾನು ಹೇಳುತ್ತೇನೆ. ಎರಡನ್ನೂ ಒಟ್ಟಿಗೆ ಹೊರುವುದು ಎಲ್ಲರಿಗೂ ಆಗುವುದಿಲ್ಲ.

ಸಾಲ ಮಾಡಿ ಪಾದಯಾತ್ರೆ ಬೇಡ. ಸಂಘದಲ್ಲಿ ಸುಲಭವಾಗಿ ಸಿಗುತ್ತದೆ ಅಂತ ತೆಗೆದು, ಬಂದ ಮೇಲೆ ವಾರದ ಕಂತಿಗೆ ಒದ್ದಾಡುವವರನ್ನು ನೋಡಿದ್ದೇನೆ. ಅದಕ್ಕಿಂತ ಗಣೇಶನ ಹಬ್ಬದಿಂದ ಶುರು ಮಾಡಿ. 2026ರ ಗಣೇಶನ ಹಬ್ಬ ಸೆಪ್ಟೆಂಬರ್ 14, ಶಿವರಾತ್ರಿ ಮಾರ್ಚ್ 6. ಮಧ್ಯೆ ಹೆಚ್ಚುಕಡಿಮೆ 25 ವಾರ. ವಾರಕ್ಕೆ 400 ಎತ್ತಿಟ್ಟರೆ 10,000. ನಾನು ಭಾನುವಾರ ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಫಾಲ್ಸ್ ಹಾಕಿದ, ಕುಚ್ಚು ಕಟ್ಟಿದ ದುಡ್ಡನ್ನು ಬೇರೆ ಡಬ್ಬಕ್ಕೆ ಹಾಕುತ್ತೇನೆ. ಬ್ಲೌಸಿನ ದುಡ್ಡು ಮನೆಗೆ, ಕುಚ್ಚಿನದು ಯಾತ್ರೆಗೆ.

ಅಲ್ಲಿ ತಲುಪಿದ ಮೇಲೆ

ಕ್ಷೇತ್ರದಲ್ಲಿ ಅನ್ನಪೂರ್ಣದಲ್ಲಿ ಊಟಕ್ಕೆ ಚಿಂತೆಯಿಲ್ಲ. ನೇತ್ರಾವತಿಯಲ್ಲಿ ಸ್ನಾನ. ಉಳಿಯಲು ಕ್ಷೇತ್ರದ ವಸತಿಗೃಹಗಳಿವೆ, ಆದರೆ ಶಿವರಾತ್ರಿಯ ಜನಜಂಗುಳಿಯಲ್ಲಿ ರೂಮ್ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಹೇಗೂ ಆ ರಾತ್ರಿ ಜಾಗರಣೆ. ಹೊರಗಡೆಯ ಲಾಡ್ಜಿಗೆ ದುಡ್ಡು ಸುರಿಯುವ ಬದಲು ಚಾಪೆ ಹಾಸಿಕೊಂಡು ಕೂತರೆ ಆಯಿತು.

ಖರ್ಚು ಕೈ ಮೀರುವುದು ಆಮೇಲೆ. "ಇಷ್ಟು ದೂರ ಬಂದಿದ್ದೀವಿ, ಕುಕ್ಕೆಗೂ ಹೋಗಿಬರೋಣ. ಹೊರನಾಡೂ ನೋಡೋಣ" ಅಂತ ಯಾರಾದರೂ ಒಬ್ಬರು ಶುರು ಮಾಡುತ್ತಾರೆ. ಟಿಟಿ ವ್ಯಾನ್ ಬಾಡಿಗೆಗೆ ಮಾಡಿಸುತ್ತಾರೆ, ತಲೆಗೆ ಸಾವಿರ ಮೇಲೆ. ಬರುವ ಮೊದಲೇ ಇದನ್ನು ತೀರ್ಮಾನ ಮಾಡಿ. ಬೇಕು ಅನ್ನುವವರು ತಮ್ಮ ದುಡ್ಡಲ್ಲಿ ಹೋಗಲಿ, ತಂಡದ ದುಡ್ಡಿಗೆ ಅದು ಬೇಡ.

ವಾಪಸ್ ಬರಲು ಹೆಂಗಸರಿಗೆ ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಗಂಡಸರು ಸಾದಾ ಬಸ್ಸಿಗೆ 400ರಿಂದ 500 ಇಟ್ಟುಕೊಂಡಿರಲಿ. ಶಿವರಾತ್ರಿಯ ಮರುದಿನ ಪುಕ್ಕಟೆ ಬಸ್ಸಿನಲ್ಲಿ ನಿಂತು ಬರುವುದಕ್ಕಿಂತ ದುಡ್ಡು ಕೊಟ್ಟು ಸೀಟು ಬುಕ್ ಮಾಡಿಕೊಳ್ಳುವುದು ಒಳ್ಳೆಯದು ಅಂತ ನಮ್ಮಲ್ಲಿ ಅರ್ಧ ಜನ ಹೇಳುತ್ತಾರೆ. ಆ ಕಾಲಿನಲ್ಲಿ ಏಳೆಂಟು ಗಂಟೆ ನಿಲ್ಲುವುದು ಕಷ್ಟವೇ. ನಾನಂತೂ ಒಂದು ದಿನ ತಡವಾಗಿ ಹೊರಟು ಪುಕ್ಕಟೆ ಸೀಟಿನಲ್ಲಿ ಕೂತು ಬರುತ್ತೇನೆ.

ಬರೆಯದ ಖರ್ಚು

ನನಗೆ ದಿನಕ್ಕೆ ಖರ್ಚು ಕಳೆದು 600 ಉಳಿಯುತ್ತದೆ ಅಂತ ಇಟ್ಟುಕೊಂಡರೆ 11 ದಿನಕ್ಕೆ 6,600 ಹೋಯಿತು. ಅಂಗಡಿ ಬಾಡಿಗೆ ನಿಲ್ಲುವುದಿಲ್ಲ. ಮನೆಯಲ್ಲಿ ಹಾಲು, ಗ್ಯಾಸು, ಮಕ್ಕಳ ಬಸ್ ಫೀಸು ಯಾವುದೂ ನಿಲ್ಲುವುದಿಲ್ಲ. ನಾನಿಲ್ಲದ ದಿನಗಳಲ್ಲಿ ನಮ್ಮನೆಯವರು ಅಡುಗೆ ಮಾಡುತ್ತೇನೆ ಅಂತ ಮಾತು ಕೊಡುತ್ತಾರೆ, ಬಂದು ನೋಡಿದರೆ ಫ್ರಿಜ್ ಮೇಲೆ ಹೋಟೆಲ್ ಬಿಲ್ಲುಗಳ ರಾಶಿ. ಅದನ್ನೂ ಯಾತ್ರೆಯ ಖರ್ಚಿಗೇ ಬರೆಯುತ್ತೇನೆ. ತಿಂಗಳ ಸಂಬಳದವರಿಗೆ ರಜೆ ಇರುತ್ತದೆ, ಅವರು ಇದನ್ನು ಯೋಚಿಸಬೇಕಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಕೆಲಸಕ್ಕೆ ಹೋಗುವವರು, ಆಟೋ ಓಡಿಸುವವರು ಮೊದಲು ಈ ಸಾಲನ್ನೇ ಬರೆಯಬೇಕು. ಆಮೇಲೆ ಶೂ.

ಬಂದ ಮೇಲಿನ ವಾರವನ್ನೂ ಸೇರಿಸಿಕೊಳ್ಳಿ. ಮಿಷನ್‌ಗೆ ಮೋಟಾರ್ ಹಾಕಿದ್ದರೂ ಪೆಡಲ್ ಒತ್ತುವುದು ಕಾಲೇ. ಹಿಮ್ಮಡಿ ನೆಲಕ್ಕೆ ಊರಲಾಗದ ಮೂರು ನಾಲ್ಕು ದಿನ ನಾನು ಹೆಮ್ಮಿಂಗ್, ಹುಕ್ಸ್, ಕುಚ್ಚು ಮಾಡುತ್ತಾ ಕೂರುತ್ತೇನೆ, ಮಿಷನ್ ಮುಟ್ಟುವುದಿಲ್ಲ. ಶಿವರಾತ್ರಿಯಾಗಿ ಒಂದು ತಿಂಗಳಿಗೆ ಯುಗಾದಿ. ಬ್ಲೌಸ್ ಆರ್ಡರುಗಳೆಲ್ಲ ಆಗಲೇ ಬಂದು ಬೀಳುತ್ತವೆ. ಅದಕ್ಕೆ ಹೊರಡುವ ಮುಂಚೆಯೇ ಅಂಗಡಿಗೆ ಒಂದು ಬೋರ್ಡ್ ಹಾಕಿರುತ್ತೇನೆ: ಶಿವರಾತ್ರಿಯಾಗಿ ಹತ್ತು ದಿನದವರೆಗೆ ಯಾವ ಡೆಲಿವರಿಯೂ ಇಲ್ಲ, ಯುಗಾದಿಯ ಬಟ್ಟೆಗೆ ಅಡ್ವಾನ್ಸ್ ಈಗಲೇ ಕೊಡಬಹುದು. ಆ ಅಡ್ವಾನ್ಸಿನಿಂದಲೇ ಆ ತಿಂಗಳ ಅಂಗಡಿ ಬಾಡಿಗೆ ಕಟ್ಟುತ್ತೇನೆ.